ವೈಜಿನಾಥ ಕಾಕಾನ ತಂಪು ಗಾಡಿ

ವೈಜಿನಾಥ ಕಾಕಾಗೆ ಬಾಗಿಲು ಮುಚ್ಚುವುದೆಂದರೆ ಯಾರನ್ನೋ ಬೈದಷ್ಟು ಸಂಕೋಚ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಅವರ ಮನೆ ಬಾಗಿಲು ಹಗಲು ಮುಚ್ಚಿದ್ದನ್ನು ನಾನು ಕಂಡಿಲ್ಲ. ದಾರಿಹೋಕರು ಕಣ್ಣಿಗೆ ಬಿದ್ದರೆ ಸಾಕು, "ಬರ್ರಿ, ಕೂಡ್ರಿ, ಚಹಾ ಕುಡದು ಹೋಗ್ರಿ" ಎಂದು ಒಳಗೆ ಎಳೆದುಕೊಳ್ಳುತ್ತಿದ್ದರು. ಬೇಡವೆಂದರೆ ಮುನಿಸು ಬೇರೆ.

ಟೂರಿಸ್ಟ್ ಬಸ್ಸಿನ ಡ್ರೈವರಾಗಿ ಜೀವಮಾನವೆಲ್ಲ ಊರ ಮಂದಿಗೆ ಯಾತ್ರೆ ಮಾಡಿಸಿದವರು. ಹೆಂಡತಿ ಶಾಂತಕ್ಕನಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಆಕೆಗೆ ನರದ ಕಾಯಿಲೆ. ಧಗೆ ತಾಗಿದರೆ ಕೈಕಾಲು ಸೋತುಬಿಡುತ್ತಿದ್ದವು. "ಊರಿಗೆಲ್ಲ ಪಂಢರಪುರ ತೋರ್ಸೀರಿ, ನನಗ ಹುಮನಾಬಾದ ಸುದ್ದಾ ದಾಟಿಸಿಲ್ಲ" ಎಂದು ನಗುತ್ತಲೇ ಚುಚ್ಚುತ್ತಿದ್ದರು. ಕಾಕಾಗೆ ಆ ಮಾತು ನಾಟಿತ್ತು. ಕೆಲಸ ಬಿಟ್ಟ ಮೇಲೆ ಹಳೆಯ ಮಿನಿಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ ಹಾಕಿ, ಸ್ಟೋವ್ ಇಟ್ಟು, ಮೇಲೊಂದು ಎಸಿ ಕೂರಿಸಿದರು.

ಎಸಿ ಗರ್ರೆನ್ನುತ್ತಿತ್ತು, ತಂಪು ಮಾತ್ರ ಬರಲೊಲ್ಲದು. ಕಾಕಾ ಬಿಡುವ ಆಸಾಮಿಯೇ? ಟಾಪಿಗೆ ಬಿಳಿ ಬಣ್ಣ ಬಳಿದರು. ಊದುಬತ್ತಿ ಹಚ್ಚಿ ಕಿಟಕಿಗಳ ಸುತ್ತ ಹಿಡಿದು, ಹೊಗೆ ಅಲುಗಿದ ಕಡೆಯೆಲ್ಲ ರಬ್ಬರ್ ಪಟ್ಟಿ ಅಂಟಿಸಿದರು. ಗಾಜುಗಳಿಗೆ ಹೊಳೆಯುವ ಬೆಳ್ಳಿ ಹಾಳೆ ಮೆತ್ತಿದರು. ಪ್ರತಿ ಸಲವೂ "ಈಗ ನೋಡ್ರಿ ಹ್ಯಾಂಗ ಥಂಡಗಾರ ಆಗ್ತದ" ಎಂದು ನಮ್ಮನ್ನೆಲ್ಲ ಒಳಗೆ ಕೂರಿಸಿ ಚಹಾಕ್ಕೆ ಇಡುತ್ತಿದ್ದರು. ನಾವು ಬೆವರು ಒರೆಸಿಕೊಳ್ಳುತ್ತ ಹೌದು ಹೌದು ಎನ್ನುತ್ತಿದ್ದೆವು.

ಕೊನೆಗೆ ಹುಮನಾಬಾದಿನ ಎಸಿ ಮೆಕ್ಯಾನಿಕ್ ಇಸ್ಮಾಯಿಲ್ ಭಾಯಿ ಹತ್ತಿರ ಹೋದೆವು. ಶಾಂತಕ್ಕನ ಪಂಢರಪುರದ ಆಸೆ ಕೇಳಿಕೊಂಡು ಆತ ಟಾಪ್ ಹತ್ತಿ ಪರೀಕ್ಷಿಸುವಷ್ಟರಲ್ಲಿ ಕಾಕಾ ಗ್ಯಾರೇಜಿನ ಮಂದಿಯನ್ನೆಲ್ಲ ಗಾಡಿಯೊಳಗೆ ಚಹಾಕ್ಕೆ ಕರೆದಾಗಿತ್ತು. ಇಸ್ಮಾಯಿಲ್ ಭಾಯಿ ಇಳಿದು ಬಂದು ಒಳಗೆ ಇಣುಕಿ ತಲೆ ಕೆರೆದುಕೊಂಡ.

"ಕಾಕಾ, ಮಶೀನ್ ಏಕದಂ ಚಲೋ ಅದರಿ. ಬಾಗಲಾ ತೆರದಿಟ್ಟೀರಿ, ಸ್ಟೋವ್ ಹಚ್ಚೀರಿ, ಇಷ್ಟ ಮಂದಿ ಕುಂದ್ರಸೀರಿ. ಪಾಪ, ಅದು ಯಾರ್ಯಾರಿಗೆ ತಂಪು ಮಾಡಬೇಕು?"

ಕಾಕಾನ ಮುಖ ಸಣ್ಣದಾಯಿತು. "ಮಂದಿ ಎದುರಿಗೆ ಬಾಗಲಾ ಹಾಕೋದಂದ್ರ ಹ್ಯಾಂಗ್ರಿ ಭಾಯಿ?"

"ಅಕ್ಕಗ ಪಂಢರಪುರ ತೋರ್ಸಬೇಕೋ ಬ್ಯಾಡೋ ನೋಡ್ರಿ."

ಕಾಕಾ ಸ್ಟೋವ್ ಆರಿಸಿದರು.

ಅಂದಿನಿಂದ ಗಾಡಿಯ ಬಾಗಿಲು ಮುಚ್ಚಿತು. ಒಳಗೆ ನಿಜಕ್ಕೂ ತಂಪಾಯಿತು. ಉರಿಬಿಸಿಲಲ್ಲೂ ಶಾಂತಕ್ಕ ಎದ್ದು ಓಡಾಡುವಂತಾದರು. "ಎಸಿ ಬಂದ ಮ್ಯಾಲ ಕಾಕಾ ಸಾಹುಕಾರ ಆಗ್ಯಾರ" ಎಂದು ಓಣಿಯವರು ಆಡಿಕೊಂಡದ್ದು ಕಾಕಾನ ಕಿವಿಗೂ ಬಿತ್ತು.

ಹೋದ ಬೇಸಿಗೆಯಲ್ಲಿ ಗಂಡಹೆಂಡಿರು ಪಂಢರಪುರಕ್ಕೆ ಹೊರಟರು. ಅಲ್ಲಿಂದ ಒಂದು ಮಧ್ಯಾಹ್ನ ಕಾಕಾನ ಫೋನ್ ಬಂತು.

"ದರ್ಶನ ಆತಪಾ. ಆಕಿ ತಂಪಿನಾಗ ಆರಾಮ ಮಲಗ್ಯಾಳ. ಅಲ್ಲೇನು ಗದ್ದಲ ಕೇಳಾಕತ್ತದ?"

"ಚಹಾದಂಗಡ್ಯಾಗ ಎಲ್ಲಾರೂ ಕುಂತೇವ್ರಿ ಕಾಕಾ."

"ಇಲ್ಲಿ ಬಾಗಲಾ ಹಾಕ್ಕೊಂಡು ಒಬ್ಬನೇ ಕುಂತೇನಿ. ಫೋನ್ ಅಲ್ಲೇ ಇಡು. ನನ್ನ ಸಂಗಾಟ ಮಾತಾಡಬ್ಯಾಡ, ನಿಮ್ಮ ನಿಮ್ಮಾಗ ಮಾತಾಡ್ರಿ. ಕೇಳ್ತೇನಿ."

ಫೋನನ್ನು ಮೇಜಿನ ಮೇಲಿಟ್ಟು ತೊಗರಿ, ಎಮ್ಮೆ, ಯಾರದೋ ಮದುವೆ ಎಂದು ಹರಟಿದೆವು. ಚಹಾ ಮುಗಿದ ಮೇಲೆ "ಇಡ್ತೇನ್ರಿ ಕಾಕಾ" ಎಂದು ಕಟ್ ಮಾಡಿ ಎದ್ದೆ.

ವಾಪಸು ಬರುವ ದಾರಿಯಲ್ಲಿ ಕಾಕಾನ ಹೃದಯ ನಿಂತಿತು. ಶಾಂತಕ್ಕನನ್ನೂ ಗಾಡಿಯನ್ನೂ ಊರಿಗೆ ತಂದು ಬಿಟ್ಟವನು ಯಾರೋ ಬೇರೆ ಡ್ರೈವರ್. ಮಣ್ಣು ಮುಗಿದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ಅವತ್ತ ಪಂಢರಪುರದಾಗ ನನಗ ಎಚ್ಚರಾದಾಗ ಫೋನ್ ಕಿವಿಗೆ ಹಚ್ಕೊಂಡು ಕುಂತಿದ್ರು. ನೋಡಿದ್ರ ಫೋನ್ ಯಾವಾಗೋ ಕಟ್ ಆಗಿತ್ತು. ಅವರಿಗೆ ಹಂಗಂತ ಹೇಳಿದೆ. ‘ಸುಮ್ನಿರು, ಅವರು ಮತ್ತ ಫೋನ್ ಹಚ್ಚತಾರ’ ಅಂದ್ರು."