ಡಬ್ಬಕ್ಕನಿಗೆ ಹೆಸರು ಸಿಗದ ಮೀನು

ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಡಬ್ಬಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಅಂಗಡಿಗಳಿಂದ ತಂದ ಮೀನಿನ ಡಬ್ಬಿಗಳನ್ನು ತೆರೆಯುವುದು, ಎಣ್ಣೆ ಒರೆಸಿ ಕಡಲೆಕಾಳಿನಷ್ಟು ಮಾಂಸ ತೆಗೆಯುವುದು, ಅದರ ಡಿಎನ್‌ಎ ಓದಿಸಿ, ಮೇಲೆ ಬರೆದ ಮೀನೇ ಒಳಗಿದೆಯೋ ಇಲ್ಲವೋ ಎಂದು ಹೇಳುವುದು ಅವಳ ಕೆಲಸ. ಡಬ್ಬಿಯಲ್ಲಿ ಬೆಂದ ಮೀನಿಗೆ ತಲೆಯಿಲ್ಲ, ಬಾಲವಿಲ್ಲ. ಅದು ಯಾವುದೆಂದು ಸಾಕ್ಷಿ ಹೇಳಲು ಉಳಿದಿರುವುದು ಚೂರುಪಾರು ಡಿಎನ್‌ಎ ಒಂದೇ. ದುಬಾರಿ ಮೀನಿನ ಹೆಸರಲ್ಲಿ ಅಗ್ಗದ್ದನ್ನು ತುರುಕಿದ ಎಷ್ಟೋ ಜನರನ್ನು ಅವಳು ಹಿಡಿದುಕೊಟ್ಟಿದ್ದಳು. "ಹೆಸರು ಬದಲಾಯಿಸ್ಕೊಂಡು ಓಡಾಡೋ ಮೀನುಗಳಿಗೆ ನಾನೇ ಪೊಲೀಸು," ಎಂದು ಊಟದ ಹೊತ್ತಿನಲ್ಲಿ ನಗಿಸುತ್ತಿದ್ದಳು.

ಆ ವರ್ಷ ಊರಿನದೇ ಕಾರ್ಖಾನೆಯ ಡಬ್ಬಿಗಳು ಅವಳ ಮೇಜಿಗೆ ಬಂದವು. ಒಂದರ ಮೇಲೆ ಟ್ಯೂನಾ, ಒಂದರ ಮೇಲೆ ಸಾಲ್ಮನ್, ಇನ್ನೊಂದರ ಮೇಲೆ ಬಂಗುಡೆ. ಎಲ್ಲದರಲ್ಲೂ ಒಂದೇ ಜಾತಿಯ ಮೀನು. ಮೋಸ ಅವಳಿಗೆ ಹೊಸದಲ್ಲ. ಆದರೆ ಜಗತ್ತಿನ ಮೀನುಗಳೆಲ್ಲ ದಾಖಲಾಗಿದ್ದ ಕಂಪ್ಯೂಟರಿನಲ್ಲಿ ಇದನ್ನು ಹೋಲುವಂಥದ್ದು ಒಂದೂ ಸಿಗಲಿಲ್ಲ. ತನ್ನ ಕೈತಪ್ಪೇ ಇರಬೇಕೆಂದು ಮೇಜು ತೊಳೆದು, ಹೊಸ ಡಬ್ಬಿ ತೆರೆದು ಮತ್ತೆ ನೋಡಿದಳು. ಬೇರೆ ಪ್ರಯೋಗಾಲಯಕ್ಕೂ ಕಳಿಸಿದಳು. ಉತ್ತರ ಅದೇ.

ಅವಳ ನಾದಿನಿ ಅದೇ ಕಾರ್ಖಾನೆಯಲ್ಲಿ ಮೀನು ಕತ್ತರಿಸುತ್ತಿದ್ದಳು. ರಜೆಯ ದಿನ ಮನೆಗೆ ಬಂದವಳನ್ನು ಡಬ್ಬಕ್ಕ ಅಡುಗೆಮನೆಯಲ್ಲಿ ಕೂರಿಸಿಕೊಂಡಳು.

"ನಿಮ್ಮಲ್ಲಿಗೆ ಬರೋ ಮೀನು ನೋಡೋಕೆ ಹೇಗಿರುತ್ತೆ?"

"ನೋಡಿದವರು ಯಾರು ಅತ್ತಿಗೆ? ಹಡಗಿಂದ ಹೆಪ್ಪುಗಟ್ಟಿದ ಗಟ್ಟಿಗಳು ಬರುತ್ವೆ, ಇಟ್ಟಿಗೆ ಥರ. ಮುಳ್ಳಿಲ್ಲ, ಚರ್ಮ ಇಲ್ಲ." ನಾದಿನಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಇನ್ನೊಂದು ಮಾತು. ಕರಗಲಿ ಅಂತ ಚೂರುಗಳನ್ನ ಮೇಜಿನ ಮೇಲೆ ಹೇಗ್ಹೇಗೋ ಹರಡಿ ಊಟಕ್ಕೆ ಹೋಗ್ತೀವಿ. ಬರೋ ಹೊತ್ತಿಗೆ ಎಲ್ಲಾ ಸಮುದ್ರದ ಕಡೆ ಮುಖ ಮಾಡಿರ್ತವೆ. ಅದಕ್ಕೆ ಮುಖ ಎಲ್ಲಿ ಅಂತ ಕೇಳ್ಬೇಡಿ."

"ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ನನಗೇ ತಲೆ ಕೆಟ್ಟಿದೆ ಅಂತಾರೆ. ಮೊದಮೊದಲು ಮೈ ಜುಂ ಅಂತಿತ್ತು. ಈಗ ನಾವೇ ಆ ಕಡೆಗೆ ತಿರುಗಿಸಿ ಇಟ್ಟುಬಿಡ್ತೀವಿ."

ಡಬ್ಬಕ್ಕ ನಕ್ಕಳು. ಆದರೂ ಮರುವಾರ ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಜೊತೆ ಕಾರ್ಖಾನೆಗೆ ಹೋಗಿ, ಶೀತಲಕೋಣೆಯ ಮೂಲೆಮೂಲೆಯಿಂದ ಮಾಂಸ ಕೆರೆದು ತಂದಳು. ಹೆಪ್ಪುಗಟ್ಟಿದ ಮಾಂಸದಲ್ಲಿ ಡಿಎನ್‌ಎ ಕೆಟ್ಟಿರುವುದಿಲ್ಲ, ಆದ್ದರಿಂದ ಇನ್ನೂ ಆಳಕ್ಕೆ ಓದಬಹುದಿತ್ತು. ಓದಿದ್ದನ್ನು ಮತ್ತೊಮ್ಮೆ ತಾಳೆ ನೋಡಿದಳು. ಆಮೇಲೆ ಮೇಲಧಿಕಾರಿಯ ಕೋಣೆಗೆ ಹೋದಳು.

"ಎಲ್ಲಾ ಒಂದೇ ಜಾತಿ, ಅಷ್ಟೇ ತಾನೆ?" ಎಂದರು ಅವರು.

"ಒಂದೇ ಜಾತಿ ಅಲ್ಲ ಸರ್, ಒಂದೇ ಮೀನು. ಒಡಹುಟ್ಟಿದ ಮೀನುಗಳಾದ್ರೂ ಎಲ್ಲೋ ಒಂದು ಕಡೆ ಬೇರೆ ಆಗ್ಬೇಕು. ಇದು ಎಲ್ಲೂ ಆಗ್ತಿಲ್ಲ. ಹೋದ ವರ್ಷದ ಗಟ್ಟಿ, ಮೊನ್ನೆ ಬಂದ ಗಟ್ಟಿ, ಎಲ್ಲಾ ಒಂದೇ ಮೈಯಿಂದ ಕೊಯ್ದಿದ್ದು."

"ಅಷ್ಟು ದೊಡ್ಡ ಮೀನು ಎಲ್ಲಿರುತ್ತಮ್ಮ?"

"ದೊಡ್ಡದೇ ಇರ್ಬೇಕು ಅಂತಿಲ್ಲ ಸರ್. ಕೊಯ್ದ ಹಾಗೆ ಬೆಳೀತಿರಬಹುದು."

ಅವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

ವರದಿಯಲ್ಲಿ ಅದೊಂದನ್ನೂ ಬರೆಯಲಿಲ್ಲ. ಡಬ್ಬಿಯ ಮೇಲಿನ ಹೆಸರು ಸುಳ್ಳು ಎಂದಷ್ಟೇ ಬರೆದರು, ಕಾರ್ಖಾನೆಗೆ ಬೀಗ ಬೀಳಲು ಅದೇ ಸಾಕಾಯಿತು. ಗಟ್ಟಿಗಳನ್ನೆಲ್ಲ ಸುಟ್ಟರು. ಅಂಗಡಿಗಳಿಂದ ಡಬ್ಬಿಗಳನ್ನು ವಾಪಸ್ ತರಿಸಿದರು. ಆ ಹಡಗು ಮತ್ತೆ ಬಂದರಿನತ್ತ ಸುಳಿಯಲಿಲ್ಲ. ನಾದಿನಿಗೆ ಬಟ್ಟೆ ಹೊಲಿಯುವ ಕೆಲಸ ಸಿಕ್ಕಿತು.

ಹೊಸ ಡಬ್ಬಿಗಳು ಬಂದವು. ಡಬ್ಬಕ್ಕ ಪರೀಕ್ಷಿಸಿದಳು, ಟ್ಯೂನಾದಲ್ಲಿ ಟ್ಯೂನಾ, ಬಂಗುಡೆಯಲ್ಲಿ ಬಂಗುಡೆ. ಜನ ಮಾತ್ರ ಅಂಗಡಿಯಲ್ಲಿ ಡಬ್ಬಿ ಎತ್ತಿ ನೋಡಿ ಹಾಗೇ ಇಟ್ಟುಬಿಡುತ್ತಿದ್ದರು. "ಹಳೇದು ಬರಲ್ವಾ?" ಎಂದು ಅಂಗಡಿಯವನನ್ನು ಮೆಲ್ಲಗೆ ಕೇಳುತ್ತಿದ್ದರು. ಅವಳ ಗಂಡನಿಗೆ ಏನು ಬಡಿಸಿದರೂ ಬಾಯಿಗೆ ಹತ್ತದಾಯಿತು. ಕೆನ್ನೆ ಒಳಗೆ ಹೋಯಿತು.

ಒಂದು ಮಧ್ಯಾಹ್ನ ಕಪಾಟು ಜೋಡಿಸುವಾಗ ಸ್ವೆಟರುಗಳ ಅಡಿಯಲ್ಲಿ ಅವಳ ಕೈಗೆ ತಣ್ಣಗಿನ ಲೋಹ ತಗುಲಿತು. ಹಳೆಯ ಕಾರ್ಖಾನೆಯ ಡಬ್ಬಿ. ತಿರುಗಿದರೆ ಗಂಡ ಬಾಗಿಲಲ್ಲಿ ನಿಂತಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ.

"ಇದು ಏನು ಅಂತ ನಿಮಗೆ ಹೇಳಿದ್ದೀನಿ," ಎಂದಳು.

"ಹೇಳಿದ್ದೀಯ."

"ಮೀನು ಹೌದೋ ಅಲ್ವೋ ಅಂತ ನನಗೇ ಗೊತ್ತಿಲ್ಲ ಕಣ್ರೀ."

"ರುಚಿ ಗೊತ್ತಲ್ಲ," ಎಂದ ಅವನು.

ಬೈಯಲು ಬಾಯಿ ತೆರೆದಳು. ಆದರೆ ಬಾಯಲ್ಲಿ ನೀರೂರಿತ್ತು. ಈ ಮನೆಗೆ ಬಂದಾಗಿನಿಂದ ತಾನೂ ತಿಂದದ್ದು ಅದನ್ನೇ ಎಂಬುದನ್ನು ಅವಳು ಪ್ರಯೋಗಾಲಯದಲ್ಲಿ ಯಾರಿಗೂ ಹೇಳಿರಲಿಲ್ಲ. ಪ್ರಯೋಗಾಲಯಕ್ಕೆ ಒಯ್ಯಬೇಕಾದ ಡಬ್ಬಿಯನ್ನು ಅಡುಗೆಮನೆಗೆ ಒಯ್ದಳು. ಮುಚ್ಚಳ ಎದ್ದಾಗ ಎಣ್ಣೆ ಸ್ವಲ್ಪ ಅಲುಗಿ ನಿಂತಿತು. ಗಂಡಹೆಂಡತಿ ಒಂದೇ ತಟ್ಟೆಗೆ ಕೈಹಾಕಿ, ಒಬ್ಬರ ಮುಖ ಒಬ್ಬರು ನೋಡದೆ, ಕೊನೆಯ ಚೂರಿನವರೆಗೂ ತಿಂದರು.