ಗಡಿಯಾರ ಗೋಪುರದ ಒಂದು ನಿಮಿಷ

ಮಾರಾಯ್ರೇ, ಒಂದು ನಿಮಿಷದ ದೆಸೆಯಿಂದ ಇವತ್ತು ನನ್ನ ಕೆಲಸ ಹೋಯಿತು.

ನಾನು ವಂಡ್ಸೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ನಮ್ಮ ಸ್ಟ್ಯಾಂಡಿನಲ್ಲಿ ಬಸ್ಸು ಬಿಡುವುದು ಎದುರಿನ ಗಡಿಯಾರ ಗೋಪುರದ ಸಮಯಕ್ಕೆ. ಮೊಬೈಲ್ ಸಮಯ ನಡೆಯುವುದಿಲ್ಲ. ಯುದ್ಧದಲ್ಲಿ ಮಡಿದ ಊರಿನವರ ಹೆಸರುಗಳು ಆ ಗೋಪುರದ ಬುಡದಲ್ಲಿವೆ. ಮೀನು ಮಾರುವ ಜಲಜಕ್ಕನ ಅಣ್ಣನದೂ ಇದೆ. ಇವತ್ತು ಆ ಅಣ್ಣ ತೀರಿಹೋದ ದಿನ. ಜಲಜಕ್ಕ ಬುಟ್ಟಿಯನ್ನು ಬಸ್ಸಿನಲ್ಲಿಟ್ಟು, ಹೂವಿಟ್ಟು ಬರುತ್ತೇನೆಂದು ಹೋದರು. ಹೊರಡುವ ಸಮಯವಾಯಿತು. ನಾನು ಸೀಟಿ ಊದಲಿಲ್ಲ.

ನಮ್ಮ ಹಿಂದೆ ಹೊರಡಬೇಕಿದ್ದ ಬಸ್ಸಿನ ಕಂಡಕ್ಟರ್ ಓಡಿ ಬಂದ. "ಹ್ವಾಯ್, ಗಡಿಯಾರ ಕಾಂತಿಲ್ಯಾ? ನಿಮ್ ಟೈಮ್ ಮುಗ್ದ್ ಹೋಯ್ತ್, ಹೊರಡಿ!" ಅವನ ಡ್ರೈವರ್ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಜಲಜಕ್ಕ ಗೋಪುರದ ಬುಡದಿಂದಲೇ ತಿರುಗಿದರು. "ಆ ಗಡಿಯಾರ ಕಟ್ಟಿದ್ದೇ ನನ್ನಣ್ಣನಂಥವ್ರ ಹೆಸ್ರಿಗ್, ಮಗಾ. ಅದ್ರಗ್ ಒಂದ್ ನಿಮ್ಷ ನಂಗ್ ಕೊಡುಕ್ ಆತಿಲ್ಯಾ?"

ಅವನು ತನ್ನ ಬಸ್ಸಿಗೆ ವಾಪಸು ಹೋದ. ಹಾರ್ನ್ ಸುಮ್ಮನಾಗಲಿಲ್ಲ.

ಒಂದು ನಿಮಿಷ ತಡವಾಗಿ ಹೊರಟದ್ದಕ್ಕೆ ನಮ್ಮ ಬಸ್ಸಿನ ಮಾಲೀಕರಿಗೆ ದೂರು ಹೋಯಿತು. "ಟಯರ್ ಪಂಕ್ಚರ್ ಅಂದ್ ಹೇಳ್ ಮಾರಾಯಾ," ಎಂದ ನಮ್ಮ ಡ್ರೈವರ್ ಶೀನಣ್ಣ. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ನಾಳೆಯಿಂದ ಬಪ್ಪುದ್ ಬ್ಯಾಡ," ಎಂದರು ಮಾಲೀಕರು.

ಪ್ರತಿ ಸ್ವಾತಂತ್ರ್ಯ ದಿನದಂದು ಅದೇ ಗೋಪುರದಡಿ ಎಲ್ಲರನ್ನೂ ಒಂದು ನಿಮಿಷದ ಮೌನಾಚರಣೆಗೆ ನಿಲ್ಲಿಸುವವರು ಈ ಮಾಲೀಕರೇ. ಈ ಸಲ ನನಗೆ ಡ್ಯೂಟಿ ಇಲ್ಲ. ಖಂಡಿತ ಬಂದು ನಿಲ್ಲುತ್ತೇನೆ.