ಮಾವ ಮಾರಿದ ಮಾತು

ಪುತ್ತೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು ಕೆಲವು ವರ್ಷಗಳಿಂದ ಪುಟ್ ಆಪ್ಷನ್ ಮಾರುತ್ತಿದ್ದೇನೆ. ತಿಂಗಳ ಕೊನೆಗೆ ಒಂದು ಷೇರಿನ ಬೆಲೆ ಎಷ್ಟೇ ಬೀಳಲಿ, ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುತ್ತೇನೆ ಎಂದು ಮಾತು ಕೊಡುವುದು. ಆ ಮಾತಿಗಾಗಿ ಇವತ್ತೇ ಒಂದು ಸಣ್ಣ ಮೊತ್ತ ಪಡೆಯುವುದು. ಬೆಲೆ ಬೀಳದಿದ್ದರೆ ಅದಷ್ಟೂ ಲಾಭ. ಬಿದ್ದರೆ ಕೊಳ್ಳಲೇಬೇಕು. ಹಾಗಾಗಿ ಕೊಳ್ಳಲು ಬೇಕಾದ ಪೂರ್ತಿ ಹಣವನ್ನು ಮೊದಲೇ ತೆಗೆದಿಡುತ್ತೇನೆ.

ಇದನ್ನು ಒಮ್ಮೆ ಮಾವನಿಗೆ ವಿವರಿಸಿದೆ. ಹೆಂಡತಿಯ ತಂದೆ ಅವರು. ಸುಳ್ಯದಲ್ಲಿ ಹಳೆಯ ಜೀಪುಗಳ ದಲ್ಲಾಳಿ. ಅವರ ವ್ಯವಹಾರದಲ್ಲಿ ಕಾಗದಪತ್ರ ಆಮೇಲೆ, ಮಾತು ಮೊದಲು. ಒಮ್ಮೆ ಮಾತು ತಪ್ಪಿದರೆ ಮತ್ತೆ ಯಾರೂ ಅವರಿಗೆ ಜೀಪು ತೋರಿಸುವುದಿಲ್ಲ.

"ಸುಮ್ಮನೆ ಮಾತಿಗೇ ಕಾಸು ಸಿಗುದಾ? ಒಳ್ಳೆ ಉಂಟಲ್ಲ ಮಾರಾಯ್ರೆ!" ಎಂದರು.

ಹಣ ತೆಗೆದಿಡಬೇಕಾದ ಸಂಗತಿಯನ್ನೂ ಹೇಳಿದ್ದೆ ಎಂದೇ ನನ್ನ ನೆನಪು. ಒಳಗೆ ದೋಸೆ ಹುಯ್ಯುತ್ತಿದ್ದ ಹೆಂಡತಿಯ ಪ್ರಕಾರ, ನನ್ನ ವಿವರಣೆ ಅಲ್ಲಿಗೆ ತಲುಪುವ ಮೊದಲೇ ಅಪ್ಪ ಎದ್ದು ಹೋಗಿದ್ದರು. ಪಾಠವನ್ನು ಪೂರ್ತಿ ಮಾಡಿದಂತೆ ನೆನಪಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಅವಳ ಮಾತೇ ನಿಜವಿರಬೇಕು.

ಮುಂದಿನ ಭಾನುವಾರ ಮಾವ ದೊಡ್ಡ ಅಂಜಲ್ ಮೀನು ಹಿಡಿದುಕೊಂಡು ಬಂದರು. "ಒಂದು ಸಣ್ಣ ಸಂಪಾದನೆ ಆಯ್ತು" ಎಂದಷ್ಟೇ ಹೇಳಿದರು. ಹುರಿದು, ಸಾರು ಮಾಡಿ, ಎಲ್ಲರೂ ತಿಂದೆವು.

ತಿಂಗಳ ಕೊನೆಯ ವಾರ ಒಂದು ಸಂಜೆ ಮತ್ತೆ ಬಂದರು. ಚಹಾ ಮುಟ್ಟಲಿಲ್ಲ. ಜೀಪು ಮಾರಲು ಹೊರಟಿದ್ದ ಇಚಿಲಂಪಾಡಿಯ ಒಬ್ಬರಿಗೆ ಅವರು ಹೇಳಿದ್ದರಂತೆ: ಹೊರಗೆ ಹೆಚ್ಚು ಸಿಕ್ಕಿದರೆ ಜೀಪು ಕೊಟ್ಟುಬಿಡಿ, ಸಿಗದಿದ್ದರೆ ತಿಂಗಳ ಕೊನೆಗೆ ಎರಡು ಲಕ್ಷಕ್ಕೆ ನಾನೇ ತೆಗೆದುಕೊಳ್ಳುತ್ತೇನೆ, ಈ ಮಾತಿಗೆ ಈಗಲೇ ಎರಡು ಸಾವಿರ ಕೊಡಿ. ಹೊರಗೆ ಯಾರೂ ಅಷ್ಟು ಕೊಡಲಿಲ್ಲ. ನಾಡಿದ್ದು ಸಂಜೆ ಜೀಪು ಉಪ್ಪಿನಂಗಡಿಗೆ ಬರುತ್ತದೆ.

"ಹಣ?" ಎಂದೆ.

"ಹಣ ಇದ್ದಿದ್ರೆ ಇಲ್ಲಿ ಬಂದು ನಿಮ್ಮ ಮುಖ ನೋಡುದಾ?"

"ಅಪ್ಪ, ಇವರು ಹಣ ತೆಗೆದಿಟ್ಟೇ ಮಾತು ಕೊಡುದು" ಎಂದಳು ಹೆಂಡತಿ.

"ಹಣ ಇಟ್ಕೊಂಡು ಮಾತು ಕೊಡ್ಲಿಕ್ಕೆ ಯಾರಿಗೂ ಆಗ್ತದೆ ಮಗಾ."

ಹಾಗೆಂದರೂ ಅವರ ಸ್ವರ ಇಳಿದಿತ್ತು. ನಾನು ತೆಗೆದಿಟ್ಟಿದ್ದ ಹಣವೋ ನನ್ನದೇ ಮಾತಿಗೆ ಕಟ್ಟುಬಿದ್ದಿತ್ತು. ಷೇರು ಆ ವಾರ ಜಾರಿತ್ತು. ಹಣ ಬಿಡಿಸಬೇಕಾದರೆ ಮಾರಿದ ಪುಟ್ ಆಪ್ಷನ್ನನ್ನು ನಾಲ್ಕು ಪಟ್ಟು ಬೆಲೆಗೆ ವಾಪಸು ಕೊಳ್ಳಬೇಕು. ಷೇರು ಪೇಟೆಯಲ್ಲಿ ನನ್ನ ಮಾತಿನಿಂದ ಹೀಗೆ ಹಣ ತೆತ್ತು ಹೊರಬರಬಹುದು. ಯಾರೂ ಹೆಸರು ಕೇಳುವುದಿಲ್ಲ. ಮಾವನಿಗೆ ಆ ದಾರಿ ಇರಲಿಲ್ಲ. ಇದೆಲ್ಲ ಆಗಲೇ ಹೊಳೆಯಿತೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೋ ತಿಳಿಯದು. ಮರುದಿನ ಬೆಳಿಗ್ಗೆ ಪೇಟೆ ತೆರೆದ ಕೂಡಲೇ ನಷ್ಟಕ್ಕೆ ಕೊಂಡು ಹೊರಬಂದೆ. ಅದರ ಮರುದಿನ ಹಣ ಬ್ಯಾಂಕಿಗೆ ಬಂತು.

ಉಪ್ಪಿನಂಗಡಿಯಲ್ಲಿ ಮಾವ ಬಾನೆಟ್ ಎತ್ತಿಯೂ ನೋಡಲಿಲ್ಲ. ಹಣ ಕೊಟ್ಟು, ಕೀಲಿಕೈ ಪಡೆದು, "ಹೇಳಿದ ದಿನವೇ ಅಲ್ವಾ?" ಎಂದರು. ಇಚಿಲಂಪಾಡಿಯವರು ನಕ್ಕು ಅವರ ಕೈ ಹಿಡಿದುಕೊಂಡರು.

ಹಿಂದಿರುಗುವ ದಾರಿಯಲ್ಲಿ ನಾನು ಕೆಣಕಿದೆ: "ಮಾವ, ಮಾತಿನ ಹಿಂದೆ ಇದ್ದದ್ದು ನನ್ನ ಹಣ. ಆ ಎರಡು ಸಾವಿರ ನನಗೆ ಸೇರಬೇಕಲ್ಲ?"

"ಎಂತ ಮಾರಾಯ್ರೆ, ಅದನ್ನು ಆವತ್ತೇ ಹುರಿದು ತಿಂದಿದ್ದೀರಲ್ಲ! ನನಗೆ ಸಿಕ್ಕಿದ್ದು ಬಾಲದ ತುಂಡು ಮಾತ್ರ."

ಆ ಜೀಪು ಈಗ ಮರ್ಕಂಜದಲ್ಲಿ ಓಡುತ್ತಿದೆ. ಅದನ್ನು ಮಾರಿ ಮಾವ ನನ್ನ ಹಣ ಮರಳಿಸಿದರು. ಜನ ಈಗಲೂ ಅವರಿಗೆ ಜೀಪು ತೋರಿಸುತ್ತಾರೆ. ಇದನ್ನು ಓದಿದ ಹೆಂಡತಿಯದು ಒಂದೇ ತಿದ್ದುಪಡಿ: ಬಾಲದ ತುಂಡು ತಿಂದದ್ದು ಅವಳಂತೆ.